ಹದಿನಾಲ್ಕನೇ ಮೆಟ್ಟಿಲು

ಹನ್ನೊಂದು, ಹನ್ನೆರಡು, ಮೆಟ್ಟಿಲಂಚಿಗೆ ಹೊಡೆದ ಅಲ್ಯೂಮಿನಿಯಂ ಪಟ್ಟಿ ಬೂಟಿನಡಿ ಕಿರ್ರೆನ್ನುತ್ತದೆ, ಹಿಮ ಅಂಟಿಕೊಂಡಿದೆ, ಕೆಳಗೇ ಒರೆಸಿಕೊಂಡು ಬರಬೇಕಿತ್ತು, ಹದಿಮೂರು — ಎಣಿಸುವುದು ಯಾಕೆ, ಎಷ್ಟಿವೆ ಅಂತ ಗೊತ್ತೇ ಇದೆಯಲ್ಲ, ನಮ್ಮ ಮನೆಯ ನೆಲಮಾಳಿಗೆಗೆ ಎಷ್ಟು ಮೆಟ್ಟಿಲು ಅಂತ ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ, ಆಸ್ಪೆನ್ ಬ್ಲಫ್ ಊರಿನ ಕರ್ಲಿಂಗ್ ಕ್ಲಬ್ಬಿನ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಈ ಕ್ಲಬ್ಬಿನ ಮೆಟ್ಟಿಲು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹದಿನಾಲ್ಕು, ರಿಜೈನಾದ ಎಡಿಟಿಂಗ್ ಕೋಣೆಯ ಕತ್ತಲೆಯಲ್ಲಿ ಎರಡು ವಾರ ಕೂತು ಇವನ್ನೇ ಹಿಂದಕ್ಕೂ ಮುಂದಕ್ಕೂ ಓಡಿಸಿದವನು ನಾನು, ಟಿವಿಗೆ ಆಟಗಾರರ ಚಿತ್ರ ಮಾಡಿ ಹೊಟ್ಟೆ ಹೊರೆಯುವವನು, ವೇಡ್, ಊರವರ ಬಾಯಲ್ಲಿ ಈಗ ನಮ್ಮ ವೇಡ್ — ಹದಿನಾಲ್ಕು. ಇಪ್ಪತ್ತು ಸೆಕೆಂಡೂ ಆಗಲಿಲ್ಲ. ಮಾರ್ಲಾ ಪ್ರೊಕೊಪ್‌ಗೆ ಹತ್ತೊಂಬತ್ತು ನಿಮಿಷ ಹಿಡಿದಿತ್ತು, ಪರದೆಯ ಮೇಲೆ ಐವತ್ತೆಂಟು ಸೆಕೆಂಡು, ಉಳಿದ ಹದಿನೆಂಟು ನಿಮಿಷ ಈ ಹೆಗಲಚೀಲದೊಳಗೆ ಲ್ಯಾಪ್‌ಟಾಪಿನಲ್ಲಿ ಮಲಗಿವೆ, ಚೀಲ ಯಾಕಿಷ್ಟು ಭಾರ. ಬಾಗಿಲ ಪಕ್ಕದ ಗೋಡೆಯಲ್ಲಿ — ಅಯ್ಯೋ, ಚೌಕಟ್ಟು ಬೇರೆ ಹಾಕಿಸಿದ್ದಾರೆ, ನನ್ನ ಚಿತ್ರದ್ದೇ ತುಣುಕು, ಬಾಗಿಲಷ್ಟು ದೊಡ್ಡದು, ಒಂದು ಬರಿಗೈ, ನಾಲ್ಕು ಬೆರಳು ಈ ಪಟ್ಟಿಯನ್ನೇ ಕಚ್ಚಿ ಹಿಡಿದಿವೆ, ಉಗುರು ಬಿಳಿಚಿವೆ, ಅದರ ಹಿಂದೆ ಮಸುಕಾಗಿ ಅವಳ ಮುಖ, ಕೆಳಗೆ ದಪ್ಪಕ್ಷರದಲ್ಲಿ ಮನಸ್ಸಿದ್ದರೆ ಮಾರ್ಗ. ನನ್ನ ಬೂಟು ಈಗ ನಿಂತಿರುವುದು ಆ ಕೈ ಇದ್ದ ಜಾಗದಲ್ಲೇ. ಸರಿದು ನಿಂತೆ, ಸರಿದು ನಿಂತು ಏನು ಪ್ರಯೋಜನ.

ಕೆಳಗೆ ಅವಳಿದ್ದಾಳೆ, ಗಾಜಿನ ಗೋಡೆಯ ಪಕ್ಕ, ಮಂಜಿನ ಅಂಕಣಕ್ಕೆ ಮುಖ ಮಾಡಿ, ಗಾಲಿಕುರ್ಚಿಯಲ್ಲಿ, ಪಕ್ಕದ ಗಾಲಿಕುರ್ಚಿಯಲ್ಲಿ ಮುದುಕ ಐನರ್, ಸಕ್ಕರೆ ಕಾಯಿಲೆಗೆ ಒಂದು ಕಾಲು ಕೊಟ್ಟವನು, ಇಬ್ಬರ ನಡುವೆ ಫ್ಲಾಸ್ಕು. ಹತ್ತು ನಿಮಿಷದ ಹಿಂದೆ ಅಲ್ಲೇ ನಿಂತಿದ್ದೆ. ಬಂದ್ಯಾ, ಅಂದಳು ಮಾರ್ಲಾ, ದಾರಿ ಹೇಗಿತ್ತು, ಮಂಜು ಸರಿಸಿದ್ರಾ — ಎರಡು ವರ್ಷದ ಮೇಲೆ ನೋಡುವಾಗ ಆಡುವ ಮಾತೇ ಅದು, ಬೈದಿದ್ದರೆ ಹಗುರಾಗುತ್ತಿತ್ತು. ನೋಡು ವೇಡ್, ನಾನು ಕಾಗದ ಬರೆದೆ, ಸಭೇನ ಕೆಳಗೇ ಮಾಡಿ, ಕುರ್ಚಿ ಹಾಕೋಕೆ ಜಾಗ ಇದೆ ಅಂತ, ಅದಕ್ಕೆ ಡ್ವೇನ್ ಏನಂದ ಗೊತ್ತಾ, ನೀನು ಹತ್ತಿ ಬರೋದನ್ನ ಕಣ್ಣಾರೆ ನೋಡೋ ಭಾಗ್ಯ ನಮಗೂ ಸಿಗ್ಲಿ ಮಾರ್ಲಾ ಅಂತ, ತಮಾಷೆಗಲ್ಲ ಮಾರಾಯ, ಪ್ರೀತಿಯಿಂದ, ಕಣ್ಣಲ್ಲಿ ನೀರು ತಂದ್ಕೊಂಡು. ಡ್ವೇನ್ ಶುಲ್ಟ್ಸ್ ಕ್ಲಬ್ಬಿನ ಅಧ್ಯಕ್ಷ, ಕೆಟ್ಟವನಲ್ಲ, ಹಿಮದಲ್ಲಿ ನಿಮ್ಮ ಕಾರು ಹೂತರೆ ಟ್ರ್ಯಾಕ್ಟರು ತಂದು ಎಳೆದು ಕಾಫಿ ಕುಡಿಸಿ ಕಳಿಸುವವನು. ನಿಯಮ ಏನಂದರೆ ಸಭೆ ನಡೆಯುವ ಕೋಣೆಯಲ್ಲಿದ್ದು ಕೈ ಎತ್ತಿದವರದಷ್ಟೇ ಮತ, ಇವತ್ತು ಮತ ಹಾಕುವುದು ಅಡುಗೆಮನೆ ಪಕ್ಕದ ಮೂಲೆಗೆ, ಬೇಸಿಗೆಯ ದುರಸ್ತಿಯಲ್ಲಿ ಆ ಮೂಲೆಯಲ್ಲಿ ಲಿಫ್ಟು ಬರಬೇಕೋ ಅಡುಗೆಮನೆ ದೊಡ್ಡದಾಗಬೇಕೋ, ಎರಡಕ್ಕೂ ಜಾಗ ಇಲ್ಲ. ನಿನ್ನನ್ನ ಸನ್ಮಾನಕ್ಕೆ ಕರೆದಿದಾರೆ, ಇಪ್ಪತ್ತು ನಿಮಿಷ ಮಾತಾಡೋಕೆ ಕೊಡ್ತಾರೆ, ಆ ಇಪ್ಪತ್ತು ನಿಮಿಷ ನನಗೆ ಕೊಡು ಅಂದಳು, ಪೂರ್ತಿ ಟೇಪು ತೋರಿಸು, ಕತ್ತರಿಸದೆ ಇರೋದನ್ನ, ನಿನ್ನ ದನಿ ಸಮೇತ. ತೋರಿಸ್ತೀನಿ ಅಂದೆ. ಮೇಲೆ ಹೋದ ತಕ್ಷಣ, ಮೊದಲ ಕೆಲಸ ಅದೇ ಅಂದೆ. ಐನರ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನನ್ನನ್ನು ನೋಡಿದ, ನೋಡಿ, ಹೋಗಪ್ಪ, ಕಾಲಿದೆ ನಿನಗೆ, ಬೇಗ ಹತ್ತು, ಅಂದ.

ಮಾರ್ಲಾ, ಐನರ್, ಇನ್ನಿಬ್ಬರು, ನಾಲ್ವರ ತಂಡ, ಈ ಕ್ಲಬ್ಬಿನ ಲೀಗಿನಲ್ಲಿ ಕಾಲಿದ್ದವರ ಜೊತೆಗೇ ಆಡುತ್ತಿದ್ದರು, ಗೆಲ್ಲುತ್ತಲೂ ಇದ್ದರು, ದೇಶಕ್ಕೆ ಆಡಿ ಬಂದವಳು ಅವಳು. ಕಲ್ಲಾಟದಲ್ಲಿ ಒಂದು ರೀತಿಯಿದೆ, ಯಾರೂ ಬರೆದಿಟ್ಟದ್ದಲ್ಲ, ಬರೆದದ್ದಕ್ಕಿಂತ ಗಟ್ಟಿ — ಆಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಮೊದಲ ಲೋಟ ಕುಡಿಸಬೇಕು, ಎರಡು ತಂಡವೂ ಒಂದೇ ಮೇಜಿಗೆ ಕೂರಬೇಕು. ಮೇಜು, ಲೋಟ, ಬಾರು ಎಲ್ಲ ಮೇಲಿನ ಈ ಹಾಲಿನಲ್ಲಿ. ಮಾರ್ಲಾ ಆಡುವ ದಿನ ಮಾತ್ರ ತಟ್ಟೆ ಕೆಳಗಿಳಿಯುತ್ತಿತ್ತು, ಎಂಟು ಲೋಟ ಹೊತ್ತುಕೊಂಡು ಯಾರೋ ಒಬ್ಬರು ಹದಿನಾಲ್ಕು ಮೆಟ್ಟಿಲು ಇಳಿದು, ಗಾಜಿನ ಗೋಡೆಯ ಪಕ್ಕ ಮಡಚುಕುರ್ಚಿ ಬಿಚ್ಚಿ, ಎಲ್ಲರೂ ವೃತ್ತವಾಗಿ ಕೂತು, ಬೂಟಿನ ಹಿಮ ಕರಗಿ ನೆಲವೆಲ್ಲ ಕೊಚ್ಚೆ, ಐನರನ ಹಳಸಿದ ಜೋಕು, ಅಡುಗೆಮನೆ ನೋಡಿಕೊಳ್ಳುವ ಬರ್ನೀಸಳ ನಗು — ಮೊದಲ ಸಲ ಬಂದ ದಿನ ನೋಡಿದ್ದೆ ನಾನು. ಅದನ್ನೇ ತೆಗೆಯಬೇಕಿತ್ತು. ಕ್ಯಾಮೆರಾ ಕೈಯಲ್ಲೇ ಇತ್ತು, ಬ್ಯಾಟರಿ ತುಂಬಿತ್ತು, ಇದರಲ್ಲಿ ಕಥೆ ಏನಿದೆ, ಜನ ಕೂತು ಬಿಯರು ಕುಡೀತಿದ್ದಾರೆ ಅಷ್ಟೆ, ಅಂದುಕೊಂಡು ಮುಚ್ಚಳ ಹಾಕಿದವನು ನಾನೇ.

ಬನ್ನಿ ಬನ್ನಿ, ಬಂದ್ರಪ್ಪ ನಮ್ಮ ವೇಡ್, ಅನ್ನುತ್ತ ಡ್ವೇನ್ ಎರಡು ಕೈಯಲ್ಲೂ ನನ್ನ ಕೈ ಹಿಡಿದು ಕುಲುಕುತ್ತಿದ್ದಾನೆ, ಹಾಲಿನ ತುಂಬ ಜನ, ಐವತ್ತು, ಅರವತ್ತು, ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಮೇಲಿನ ಮೊಟ್ಟೆ ಸ್ಯಾಂಡ್‌ವಿಚ್ಚಿನ ತಟ್ಟೆಗಳ ಮೇಲೆ ಬಿದ್ದಿದೆ, ಅಂಚು ಕತ್ತರಿಸಿ ತ್ರಿಕೋನ ಮಾಡಿದ್ದಾರೆ, ಉಪ್ಪಿನಕಾಯಿ ಸೌತೆ, ಖರ್ಜೂರದ ಬಿಲ್ಲೆ. ಬರ್ನೀಸ್ ಅಡುಗೆಮನೆ ಕಿಂಡಿಯಿಂದಲೇ ಕೂಗುತ್ತಾಳೆ, ಕಾಫಿಗೆ ಹಾಲಾ ಹಾಗೇನಾ, ತಿನ್ನಿ ಸ್ವಲ್ಪ, ಸೊರಗಿ ಹೋಗಿದೀರಿ, ನಿಮ್ಮ ಸಿನಿಮಾ ನೋಡಿ ನನ್ನ ಮೊಮ್ಮಗ ಹೋಮ್‌ವರ್ಕು ಮಾಡೋಕೆ ಶುರು ಮಾಡಿದಾನೆ ಗೊತ್ತಾ, ಮಾರ್ಲಾ ಆಂಟಿ ಮೆಟ್ಟಿಲು ಹತ್ತುತಾಳೆ, ನಿನಗೆ ಲೆಕ್ಕ ಮಾಡೋಕೆ ಏನು ಧಾಡಿ ಅಂತೀನಿ, ಬಾಯಿ ಮುಚ್ಚಿಕೊಂಡು ಕೂತ್ಕೋತಾನೆ. ನಕ್ಕೆ. ನಕ್ಕೆನಲ್ಲ, ಹಲ್ಲು ಕಾಣುವ ಹಾಗೆ. ಸ್ಯಾಂಡ್‌ವಿಚ್ಚು ರುಚಿಯಾಗಿದೆ, ಹಸಿವೂ ಆಗಿದೆ, ತಿನ್ನುತ್ತೇನೆ, ಒಂದು ತಿಂದು ಶುರುಮಾಡುತ್ತೇನೆ, ಡ್ವೇನ್ ನನ್ನ ಕೋಟಿನ ಎದೆಗೆ ಕ್ಲಬ್ಬಿನ ಬಿಲ್ಲೆ ಚುಚ್ಚುತ್ತಿದ್ದಾನೆ, ನೀಲಿ ಎನಾಮಲ್ಲು, ನಡುವೆ ಕಲ್ಲು, ಸುತ್ತ ಊರಿನ ಹೆಸರು, ಐವತ್ತು ವರ್ಷ ಆಡಿದವರಿಗೆ ಕೊಡೋದು ಇದು ಅನ್ನುತ್ತಾನೆ, ನಿಮ್ಮಿಂದ ನಮ್ಮೂರು ಭೂಪಟದಲ್ಲಿ ಬಂತು. ಹೊಗಳಿಕೆಗೆ ಮೈ ಬೆಚ್ಚಗಾಗುತ್ತದೆ, ನಾಯಿಯ ಕಿವಿ ಕೆರೆದ ಹಾಗೆ, ನಾಚಿಕೆಯಾಗಬೇಕು ನನಗೆ, ಆಗುತ್ತಲೂ ಇದೆ, ಆದರೂ ಬೆಚ್ಚಗೇ ಆಗುತ್ತದೆ.

ಆವತ್ತು, ಮೆಟ್ಟಿಲಿನ ಚಿತ್ರ ತೆಗೆದ ದಿನ, ಅವಳು ಎರಡು ಸಲ ಬೇಡ ಅಂದಿದ್ದಳು. ಮೊದಲ ಸಲ ನಗುತ್ತ — ಹುಚ್ಚಾ ನಿನಗೆ, ಇಪ್ಪತ್ತೊಂದು ವರ್ಷದಿಂದ ಈ ಮೆಟ್ಟಿಲು ಹತ್ತಿಲ್ಲ ನಾನು, ಬೆಂಕಿ ಬಿದ್ರೂ ಹತ್ತೋದಿಲ್ಲ. ಎರಡನೇ ಸಲ ನಗದೆ. ಆಗ ನಾನು ಅವಳ ಕುರ್ಚಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತೆ, ಕಣ್ಣಿನ ಮಟ್ಟಕ್ಕೆ ಇಳಿದು ಮಾತಾಡಬೇಕು ಅಂತ ನಮಗೆ ಯಾರೋ ಕಲಿಸಿದ್ದರು, ಕೂತು ಹೇಳಿದೆ, ಮಾರ್ಲಾ, ನೀನು ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ, ಈ ಮೆಟ್ಟಿಲು ನಿನಗೆ ಏನು ಮಾಡುತ್ತೆ ಅಂತ ಜನ ನೋಡಬೇಕು, ನೋಡಿದರೆ ಮರುವಾರವೇ ಲಿಫ್ಟು ಹಾಕಿಸ್ತಾರೆ. ನಂಬಿಯೇ ಹೇಳಿದ್ದೆ. ಹೌದಾ, ನಂಬಿದ್ದೆನಾ, ಅರ್ಧ ನಂಬಿದ್ದೆ, ಇನ್ನರ್ಧ ಆ ಮೆಟ್ಟಿಲಿನ ಮೇಲೆ ಬಿದ್ದ ಓರೆ ಬೆಳಕನ್ನು ನೋಡುತ್ತಿತ್ತು. ಲಿಫ್ಟಿಗೆ ಅಂದ್ರೆ ಸರಿ, ಅಂದಳು. ಮೆಟ್ಟಿಲಿನ ಮೇಲೆ ಕೂತು, ಬೆನ್ನು ಮೇಲಕ್ಕೆ ಮಾಡಿ, ಕೈ ಹಿಂದಿನ ಮೆಟ್ಟಿಲಿಗೆ ಊರಿ, ಮೈಯೆತ್ತಿ ಒಂದು ಮೆಟ್ಟಿಲು ಮೇಲಕ್ಕೆ — ಹೀಗೇ ಹೋಗೋದು ನಾವು, ಸೊಂಟದ ಕೆಳಗೆ ಜೀವ ಇಲ್ಲದವರು ಯಾರೇ ಆದರೂ ಹೀಗೇ ಹತ್ತೋದು, ಅಂದಳು. ಮೂರು ಮೆಟ್ಟಿಲು ಹೋದಳು. ಮೇಲೆ ಕ್ಯಾಮೆರಾ ಹಿಡಿದಿದ್ದ ನನಗೆ ಕಂಡದ್ದು ಅವಳ ಬೆನ್ನು, ಜುಟ್ಟು. ನಿಲ್ಲು ನಿಲ್ಲು, ಮುಖ ಕಾಣ್ತಿಲ್ಲ ಅಂದೆ. ಮುಖ ಯಾಕೆ, ಹತ್ತೋದು ಕೈ, ಅಂದಳು. ಜನಕ್ಕೆ ಮುಖ ಬೇಕು ಮಾರ್ಲಾ, ಕವುಚಿಕೊಂಡು ಬಾ, ಮುಂಗೈ ಊರಿ, ತಲೆಯೆತ್ತಿ, ನನ್ನನ್ನ ನೋಡ್ತಾ, ಆ ಕೈಗವಸು ತೆಗೆ, ಬೆರಳು ಕಾಣಲಿ. ಹಾಗೆ ಯಾರೂ ಹತ್ತಲ್ಲ ವೇಡ್. ಒಂದೇ ಸಲ, ಅಂದೆ. ಒಂದೇ ಸಲ ಅಂತ ನಾಲ್ಕು ಸಲ, ಮೂರು ಸಲ ಅರ್ಧಕ್ಕೆ ನಿಲ್ಲಿಸಿ ಕೆಳಗೆ ಕಳಿಸಿದೆ, ಮೈಕು ಕಂಡಿತು, ಯಾರೋ ಕೆಮ್ಮಿದರು, ಮೋಡ ಬಂತು, ಇನ್ನೊಂದು ಸಲ, ಇನ್ನೊಂದು ಸಲ ಮಾರ್ಲಾ — ಟೇಪಿನಲ್ಲಿ ಇದೆ ನನ್ನ ದನಿ, ಮೃದುವಾಗಿದೆ, ಮಗುವಿಗೆ ಔಷಧಿ ಕುಡಿಸುವವನ ದನಿ. ಮೊಣಕಾಲು ಎಲ್ಲಿ ಉಜ್ಜುತ್ತಿದೆ ಅಂತ ನಾನು ನೋಡಲಿಲ್ಲ, ಅವಳಿಗೆ ಗೊತ್ತಾಗುವಂತಿರಲಿಲ್ಲ, ಮನೆಗೆ ಹೋಗಿ ಪ್ಯಾಂಟು ಬಿಚ್ಚಿದಾಗ ಎರಡೂ ಮೊಣಕಾಲಿನ ಚರ್ಮ ಬಟ್ಟೆಗೆ ಅಂಟಿ ಬಂತಂತೆ. ಹುಣ್ಣಾಯಿತು, ಕೀವಾಯಿತು, ಮೂರು ತಿಂಗಳು ಹಾಸಿಗೆ, ಆ ವರ್ಷದ ರಾಷ್ಟ್ರೀಯ ಪಂದ್ಯ ಕೈತಪ್ಪಿತು. ಫೋನಿನಲ್ಲಿ ಹೇಳಿದಳು, ಕಾಲಿಗೆ ಹೇಳೋಕೆ ಬಾಯಿಲ್ಲ, ನನಗೆ ಕೇಳೋಕೆ ಕಿವಿಯಿಲ್ಲ, ನಡುವೆ ನೀನಿದ್ದೆ. ಹೂ ಕಳಿಸಿದೆ ನಾನು. ಹಳದಿ ಹೂ. ಇಡೀ ದೇಶ ಅವಳು ಮೆಟ್ಟಿಲು ಹತ್ತುವುದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವಳು ಅದೇ ಮೆಟ್ಟಿಲಿನ ದೆಸೆಯಿಂದ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ, ಟಿವಿಯ ದನಿ ಪಕ್ಕದ ಮನೆಯಿಂದ ಕೇಳಿಸಿತಂತೆ.

ಆಗಲಾದರೂ ನಿಜ ಹೇಳಬಹುದಿತ್ತು ನಾನು. ಚಿತ್ರ ತೆಗೆದ ದಿನ ಮೇಲೆ ತಲುಪಿ ಅವಳು ಗೋಡೆಗೊರಗಿ, ಉಸಿರು ಸಿಕ್ಕಿದ ಮೇಲೆ, ನೇರ ಕ್ಯಾಮೆರಾಕ್ಕೇ ಹೇಳಿದ್ದಳು — ನೋಡಿದ್ರಲ್ಲ, ಒಂದು ಲೋಟ ಬಿಯರಿಗೆ ಯಾರೂ ಹೀಗೆ ಬರಬಾರದು, ಲಿಫ್ಟು ಹಾಕಿಸಿ. ಅದನ್ನು ಕತ್ತರಿಸಿದೆ. ನನ್ನ ಮೇಲಧಿಕಾರಿ, ಪೆನ್ನಿ, ಹಿಂದೆ ನಿಂತು ನೋಡುತ್ತ, ಕೊನೇ ನಿಮಿಷದಲ್ಲಿ ದೂರು ಬೇಡ ವೇಡ್, ಜನ ಊಟ ಮುಗಿಸಿ ಕೂತಿರ್ತಾರೆ, ಎದೆ ತುಂಬಬೇಕು, ಅಂದಳು, ಪೆನ್ನಿ ಅಂದಳು ಅಂತ ಹೇಳಿಕೊಳ್ಳುವುದು ಸುಲಭ, ಕತ್ತರಿ ನನ್ನ ಕೈಯಲ್ಲಿತ್ತು. ಕತ್ತರಿಸಿ ಅವಳ ಏದುಸಿರಿನ ನಗು ಒಂದನ್ನು ಉಳಿಸಿಕೊಂಡೆ, ಅದಕ್ಕೆ ಬೇರೆ ಯಾವುದೋ ಪಂದ್ಯದ ಚಪ್ಪಾಳೆ ತಂದು ಹಚ್ಚಿದೆ — ಆವತ್ತು ಇಲ್ಲಿ ಚಪ್ಪಾಳೆ ತಟ್ಟಲು ಒಂದು ನರಪಿಳ್ಳೆಯೂ ಇರಲಿಲ್ಲ. ಇನ್ನೊಂದು ಮಾಡಿದೆ, ಅದು ಇದಕ್ಕಿಂತ ಸಣ್ಣದು ಅಂತ ಅಂದುಕೊಂಡಿದ್ದೆ, ಈಗ ಅದೇ ಹೆಚ್ಚು ಚುಚ್ಚುತ್ತದೆ. ಗಾಲಿಕುರ್ಚಿಯಲ್ಲಿ ಕೂತು ಕಲ್ಲು ತಳ್ಳುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ, ಮಂಜಲ್ಲವೇ, ಅದಕ್ಕೇ ಜೊತೆಯಾಟಗಾರ ಒಬ್ಬ ತನ್ನ ಕುರ್ಚಿಯನ್ನು ಹಿಂದೆ ತಂದು ನಿಲ್ಲಿಸಿ ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತಾನೆ, ಹಿಡಿಯದಿದ್ದರೆ ಆಟವೇ ಇಲ್ಲ. ಮಾರ್ಲಾಳ ಕುರ್ಚಿ ಹಿಡಿಯುತ್ತಿದ್ದವನು ಐನರ್. ಒಂಬತ್ತು ವರ್ಷ ಅವನೇ. ನಾನು ಚೌಕಟ್ಟನ್ನು ಒಂದಿಷ್ಟು ಬಿಗಿ ಮಾಡಿದೆ, ಅಷ್ಟೆ, ಅವನ ಕೈ ಹೊರಗೆ ಹೋಯಿತು, ಪರದೆಯಲ್ಲಿ ಮಾರ್ಲಾ ಒಬ್ಬಳೇ, ಬಿಳಿ ಮಂಜು, ಒಂದು ಕಲ್ಲು. ಚೆನ್ನಾಗಿ ಕಂಡಿತು. ಪ್ರಶಸ್ತಿ ಬಂತು, ಗಾಜಿನದು, ಮನೆಯಲ್ಲಿ ಪುಸ್ತಕದ ಕಪಾಟಿನ ಮೇಲಿದೆ, ಹೆಂಡತಿ ಧೂಳು ಹೊಡೆಯುತ್ತಾಳೆ.

ಚಿತ್ರ ನೋಡಿದವರಿಂದ ಕಾಗದಗಳು ಬಂದವು, ಮೊದಮೊದಲು ಜೋಪಾನ ಮಾಡಿದ್ದೆ. ಒಬ್ಬರದು — ಅಮ್ಮನಿಗೆ ನಿಮ್ಮ ಚಿತ್ರ ತೋರಿಸಿದೆ, ಬಿದ್ದ ಮೇಲೆ ಕೋಲು ಹಿಡಿದು ಕೊರಗುತ್ತಿದ್ದಳು, ಈಗ ಸುಮ್ಮನಾಗಿದ್ದಾಳೆ. ಇನ್ನೊಬ್ಬರದು — ನಮ್ಮ ಆಫೀಸಿನವನೊಬ್ಬ ಪಾರ್ಕಿಂಗು ಹತ್ತಿರ ಬೇಕು ಅಂತ ಗೊಣಗುತ್ತಿದ್ದ, ಅವನ ಮೇಜಿನ ಮೇಲೆ ಆ ಕೈಯ ಚಿತ್ರ ಇಟ್ಟೆವು, ಹ್ಹ ಹ್ಹ. ಒಬ್ಬ ತಾಯಿಯದು — ಮಗಳ ಶಾಲೆಯಲ್ಲಿ ನಿಮ್ಮ ಚಿತ್ರ ಹಾಕಿದರು, ನನ್ನ ಮಗಳು ಕಾಲಿಗೆ ಕಬ್ಬಿಣದ ಪಟ್ಟಿ ಹಾಕುತ್ತಾಳೆ, ನೋಡಿದ ಮೇಲೆ ಟೀಚರು ಎಲ್ಲರಿಗೂ ನಿಮ್ಮ ನೆಪ ಏನು ಅಂತ ಪ್ರಬಂಧ ಬರೆಸಿದರು, ಇಡೀ ತರಗತಿ ಅವಳ ಕಡೆ ತಿರುಗಿ ನೋಡಿತು, ಅವಳು ಖಾಲಿ ಹಾಳೆ ಕೊಟ್ಟು ಬಂದಳು, ಇದನ್ನು ಯಾಕೆ ನಿಮಗೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಉತ್ತರ ಬರೆಯಲಿಲ್ಲ ನಾನು. ಇಲ್ಲಿಯ ಸುದ್ದಿ ಐನರ್ ಹೇಳಿದ, ಅವನೇ ಫೋನು ಮಾಡಿ, ಆರು ತಿಂಗಳ ಹಿಂದೆ — ನೋಡಪ್ಪಾ, ನಿನ್ನ ಸಿನಿಮಾ ಬಂದ್ಮೇಲೆ ತಟ್ಟೆ ಕೆಳಗೆ ಬರೋದು ನಿಂತ್ಹೋಯ್ತು, ಮೇಲೆ ಕಾಯ್ತಿರ್ತೀವಿ ಮಾರ್ಲಾ, ನಿಧಾನಕ್ಕೆ ಬಾ ಅಂತ ಕೈಬೀಸಿ ಹತ್ತಿ ಹೋಗ್ತಾರೆ, ಹೋದ್ವಾರ ಅವಳೇ ಗೆದ್ಲು, ಮೊದಲ ಲೋಟ ಕುಡಿಸೋ ಪಾಳಿ ಅವಳದ್ದು, ಅವಳು ಕೊಡಿಸಿದ್ದನ್ನ ಅವರು ಮೇಲೆ ಕೂತು ಕುಡಿದ್ರು, ಅವಳ ಲೋಟ ಮೇಜಿನ ಮೇಲೆ ಇಟ್ಕೊಂಡು ಕಾದ್ರಂತೆ, ಒಳ್ಳೇ ಜನ ಕಣಯ್ಯ, ಕಾದ್ರಂತೆ. ನಿನ್ನ ಕಥೆ ಏನು ಐನರ್, ಅಂದೆ. ನನ್ನನ್ನ ಬಿಡು, ನಿನ್ನ ಸಿನಿಮಾದಲ್ಲಿ ನಾನೆಲ್ಲಿದೀನಿ, ಪಕ್ಕದ್ಮನೆಯವ್ನು ದಿನಾ ಕೇಳ್ತಾನೆ, ಮಾರ್ಲಾಗೆ ಎರಡೂ ಕಾಲು ಆಡಲ್ಲ, ನಿನಗೆ ಒಂದಿದೆ, ಏನಪ್ಪ ಮುದುಕ ನಿನ್ನ ನೆಪ ಅಂತ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ. ಆದರೂ ಆರು ತಿಂಗಳು ಬೇಕಾಯಿತು ನನಗೆ ಕಾರು ಹತ್ತಲು.

ಮಾತಾಡಿ, ಮಾತಾಡಿ, ಡ್ವೇನ್ ಭುಜ ತಟ್ಟುತ್ತಾನೆ, ಎದ್ದೆ, ಬರ್ನೀಸ್ ಎಲ್ಲ ತಯಾರು ಮಾಡಿಟ್ಟಿದ್ದಾಳೆ, ಗೋಡೆಗೆ ಬಿಳಿ ಪರದೆ, ಪ್ರೊಜೆಕ್ಟರಿನ ತಂತಿ ತಂದು ನನ್ನ ಕೈಗೇ ಕೊಡುತ್ತಾಳೆ, ಇಗೋ, ಏನೋ ತೋರಿಸ್ತಾರೆ ಅಂದ್ಲಲ್ಲ ಮಾರ್ಲಾ, ಹೊಸದಾ, ಇದಕ್ಕೂ ಟವಲ್ಲು ಬೇಕಾ ಅಳೋಕೆ. ನಗು. ಅರವತ್ತು ಮುಖ, ಗಾಳಿಗೆ ಕೆಂಪಾದ ಕೆನ್ನೆ, ಒಂದೊಂದೂ ನನ್ನನ್ನು ಪ್ರೀತಿಯಿಂದ ನೋಡುತ್ತಿದೆ. ತಂತಿಯ ತುದಿ ಅಂಗೈಯಲ್ಲಿ ತಣ್ಣಗಿದೆ. ಚೀಲದ ಜಿಪ್ಪು ಎಳೆದರೆ ಆಯಿತು. ಇದು ಸುಳ್ಳು, ನಾನು ಮಾಡಿಸಿದ್ದು ಅಂದರೆ ಆಯಿತು. ಬಾಯಿ ತೆರೆದೆ, ತೆರೆದ ಬಾಯಿಂದ ಬಂದದ್ದು, ಮಾರ್ಲಾ ನಮಗೆಲ್ಲ — ಅದೇ ಮಾತು, ಸಾವಿರ ಸಲ ಆಡಿ ನಾಲಿಗೆಗೆ ದಾರಿ ಬಿದ್ದಿದೆ — ಮಾರ್ಲಾ ನಮಗೆಲ್ಲ ಸ್ಫೂರ್ತಿ, ಈ ಊರಿನ ಜನರ ದೊಡ್ಡ ಮನಸ್ಸು, ಈ ಕಾಫಿ. ಮತ್ತೆ ನಗು. ಲಿಫ್ಟಿನ ಬಗ್ಗೆಯೂ ಯೋಚಿಸಿ ಅಂತ ಸೇರಿಸಿದೆ, ಸೇರಿಸಿದೆ ತಾನೇ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಎಲ್ಲರೂ ಯೋಚಿಸುವವರ ಹಾಗೆ ತಲೆಯಾಡಿಸಿದರು. ಟೇಪು ಸ್ವಲ್ಪ ಉದ್ದ ಇದೆ, ಆಮೇಲೆ ನೋಡೋಣ, ಅಂದೆ. ತಂತಿಯನ್ನು ಮೇಜಿನ ಮೇಲಿಟ್ಟೆ, ಸುರುಳಿ ಸುತ್ತಿ, ನೀಟಾಗಿ. ಕೂತೆ. ಚಪ್ಪಾಳೆ ಹೊಡೆದರು, ಕೆಳಗೂ ಕೇಳಿಸಿರುತ್ತದೆ.

ಕಿಸೆಯಲ್ಲಿ ಫೋನು ನಡುಗುತ್ತದೆ, ಮಾರ್ಲಾಳ ಸಂದೇಶ, ಶುರು ಮಾಡಿದ್ಯಾ, ನಿನ್ನ ದನಿ ಕೇಳ್ತಿಲ್ಲ. ಬೆರಳು ಅಕ್ಷರಗಳ ಮೇಲೆ ಸುಳಿದಾಡುತ್ತದೆ, ಈಗ ಅಂತ ಬರೆಯಲೇ, ಇನ್ನು ಐದು ನಿಮಿಷ ಅಂತಲೇ, ಅಷ್ಟರಲ್ಲಿ ಬರ್ನೀಸ್ ಎದ್ದು ಆ ಮೂಲೆಯ ವಿಷಯ ಎತ್ತಿದ್ದಾಳೆ — ನಾನು ಮಾರ್ಲಾಗೆ ವಿರೋಧ ಅಲ್ಲ, ದೇವರಾಣೆ ಅಲ್ಲ, ಅವಳು ನನ್ನ ಮದುವೇಲಿ ಹೂ ಹಿಡಿದವಳು, ಆದ್ರೆ ನಾವು ನಾಲ್ಕು ಹೆಂಗಸರು ಆ ಗೂಡಿನಲ್ಲಿ ಇನ್ನೂರು ಜನಕ್ಕೆ ಟರ್ಕಿ ಬೇಯಿಸ್ತೀವಿ, ಬೆನ್ನಿಗೆ ಬೆನ್ನು ಉಜ್ಜುತ್ತೆ, ಲಿಫ್ಟು ಯಾರಿಗೆ, ಅವಳಿಗೇ ಬೇಡದ್ದು. ಹೌದು ಹೌದು. ಲಿಫ್ಟು ಹಾಕಿದ್ರೆ ಅವಳಿಗೇ ಅವಮಾನ ಮಾಡಿದ ಹಾಗಲ್ವಾ, ಅನ್ನುತ್ತದೆ ಹಿಂದಿನ ಸಾಲಿನ ಒಂದು ದನಿ. ಇನ್ನೊಂದು ದನಿ, ಐನರ್? ಐನರ್ ಹೇಗೆ ಬರ್ತಾನೆ ಮೇಲೆ. ಅವನು ಪ್ರಯತ್ನನೇ ಮಾಡಲ್ಲಪ್ಪ, ಅನ್ನುತ್ತಾನೆ ಡ್ವೇನ್, ನೊಂದುಕೊಂಡೇ ಅನ್ನುತ್ತಾನೆ. ಫೋನು ಇನ್ನೊಮ್ಮೆ ನಡುಗುತ್ತದೆ. ಸರಿ ಬಿಡು. ಇಷ್ಟೇ ಇದೆ, ಸರಿ ಬಿಡು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು, ನನಗೆ ಕೆಟ್ಟ ಮೇಲೂ ಬರಲಿಲ್ಲವಲ್ಲ, ಏಳು, ಈಗ ಏಳು, ತಂತಿ ಅಲ್ಲೇ ಇದೆ, ಸ್ಯಾಂಡ್‌ವಿಚ್ಚಿನ ತಟ್ಟೆಯ ಪಕ್ಕ.

ಧಪ್. ಯಾರೋ ಕೆಳಗೆ ಏನನ್ನೋ ಇಟ್ಟರು. ಚರ್ಚೆ ನಡೆಯುತ್ತಿದೆ, ಹೊಸ ಒಲೆ ಎಲ್ಲಿಡುವುದು, ಕಿಟಕಿ ಬೇಕೋ ಬೇಡವೋ. ಧಪ್, ಹಿಂದೆಯೇ ಟಕ್ ಟಕ್, ಎರಡು ಬೂಟು ಮರಕ್ಕೆ ತಗುಲಿದ ಹಾಗೆ. ಕುರ್ಚಿ ಮಡಚುತ್ತಿದ್ದಾರೆ. ಅಲ್ಲ. ನನಗೆ ಗೊತ್ತು ಆ ಸದ್ದು, ಮೊದಲ ಮೂರು ಮೆಟ್ಟಿಲಿನ ಸದ್ದು, ಟೇಪಿನಲ್ಲಿದೆ, ಮುಖ ಕಾಣ್ತಿಲ್ಲ ಅಂತ ನಾನು ನಿಲ್ಲಿಸುವುದಕ್ಕೆ ಮುಂಚಿನದು. ಧಪ್. ನಾಲ್ಕೋ ಐದೋ. ಇಳಿದು ಓಡಬೇಕು, ಹಿಡಿದು ಬೇಡ ಅನ್ನಬೇಕು, ಎತ್ತಿಕೊಳ್ಳಲೇ, ಎತ್ತಿದರೆ ಕೊಂದಾಳು, ಕಾಲು ಏಳುತ್ತಿಲ್ಲ, ನನಗೆ ಎರಡಿವೆ, ಎರಡೂ ಏಳುತ್ತಿಲ್ಲ. ಹಾಗಾದರೆ ಅಡುಗೆಮನೆಗೆ ಒಪ್ಪಿದವರು ಕೈ ಎತ್ತಿ ಅನ್ನುತ್ತಾನೆ ಡ್ವೇನ್, ಕೈಗಳು ಏಳುತ್ತವೆ, ಎಷ್ಟು ಕೈ, ಸರಾಗವಾಗಿ ಏಳುತ್ತವೆ, ಧಪ್, ಟಕ್ ಟಕ್, ಬಾಗಿಲ ಬಳಿ ಕೂತವನೊಬ್ಬ ಕತ್ತು ಚಾಚಿ ನೋಡಿ ಎದ್ದು ನಿಲ್ಲುತ್ತಾನೆ, ದೇವರೇ, ಬರ್ತಿದಾಳೆ, ಮಾರ್ಲಾ ಬರ್ತಿದಾಳೆ ಕಣ್ರೋ, ಎತ್ತಿದ ಕೈ ಎತ್ತಿದ ಹಾಗೇ ಇಡೀ ಹಾಲು ಏಳುತ್ತದೆ, ಕುರ್ಚಿಗಳು ಹಿಂದಕ್ಕೆ ಸರಿಯುತ್ತವೆ, ಡ್ವೇನನ ಕಣ್ಣು ಆಗಲೇ ತುಂಬಿದೆ, ನಾನು ಹೇಳಲಿಲ್ವಾ, ನಾನು ಹೇಳಲಿಲ್ವಾ, ಬರ್ನೀಸ್ ಏಪ್ರನ್ನಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಾಳೆ. ಕೆಳಗಿನಿಂದ ಐನರನ ದನಿ, ಸಾಕು ಬಾರೇ, ಇಳಿದು ಬಾ, ಅವರಿಗೆ ನಿನ್ನ ಮತ ಅಲ್ಲ ಬೇಕಾದ್ದು, ನೀನು ಹತ್ತೋದು. ಚಪ್ಪಾಳೆ ಶುರುವಾಯಿತು. ಐನರ್ ಕೇಳಿಸದೆ ಹೋದ.

ಹನ್ನೆರಡು. ಹದಿಮೂರು. ನಾನೂ ಎದ್ದಿದ್ದೇನೆ, ಬಾಗಿಲಿಗೆ ಬಂದಿದ್ದೇನೆ, ಮೇಲಿನಿಂದ ನೋಡುತ್ತಿದ್ದೇನೆ, ಆವತ್ತು ಕ್ಯಾಮೆರಾ ಇಟ್ಟ ಜಾಗವೇ ಇದು, ಕಾಣುವುದು ಬೆನ್ನು, ಜುಟ್ಟು, ಬೆವರಿಗೆ ಕತ್ತಿಗೆ ಅಂಟಿದ ಕೂದಲು, ಎರಡು ವರ್ಷದಲ್ಲಿ ನರೆತಿದೆ, ಅವಳು ಹತ್ತುವ ಹಾಗೇ ಹತ್ತಿದ್ದಾಳೆ, ಕೂತು, ನಮಗೆ ಬೆನ್ನು ಹಾಕಿ, ಮುಖ ಕೆಳಗಿನ ಐನರನ ಕಡೆಗೆ. ಚಪ್ಪಾಳೆ ಜೋರಾಗುತ್ತದೆ, ಯಾರು ಇಷ್ಟು ಹತ್ತಿರದಲ್ಲಿ ತಟ್ಟುತ್ತಿರುವುದು, ಕಿವಿಯ ಪಕ್ಕದಲ್ಲೇ, ನೋಡಿದರೆ ನನ್ನವೇ ಕೈ, ನನ್ನ ಕೈ ತಟ್ಟುತ್ತಿವೆ, ನಿಲ್ಲಿಸಿದೆ, ಮಾರ್ಲಾ, ಅಂದೆ. ಅವಳು ತಿರುಗಲಿಲ್ಲ. ಉಸಿರು ಸಿಗಲಿ ಅಂತ ಕಾದಳು. ವೇಡ್, ಅಂದಳು, ಈ ಸಲ ಮುಖ ಸಿಕ್ತಾ, ಸಿಗದಿದ್ರೆ ಹೇಳು, ಇನ್ನೊಂದು ಸಲ ಹತ್ತುತೀನಿ. ಅಂದು ಬಲಗೈಯನ್ನು ಹಿಂದಕ್ಕೆ ಚಾಚಿ, ನೋಡದೆ, ತಡವಿ ತಡವಿ ಕೊನೆಯ ಮೆಟ್ಟಿಲಿನ ಅಂಚು ಹುಡುಕಿ ಊರಿದಳು, ನನ್ನ ಬೂಟಿನಿಂದ ಒಂದು ಗೇಣು ಆಚೆ, ನನ್ನ ಬೂಟಿನ ಹಿಮ ಕರಗಿದ ನೀರಿನಲ್ಲಿ, ಬರಿಗೈ, ಬೆರಳು ನನ್ನ ಕಡೆಗೆ, ಕೈ ಕೊಡಬೇಕು, ಬಗ್ಗಬೇಕು, ಏನಾದರೂ ಹೇಳಬೇಕು, ನಾಲ್ಕು ಬೆರಳು, ಪಟ್ಟಿ, ಬಿಳಿಚಿದ ಉಗುರು, ಆ ಕೈ, ಒದ್ದೆ ಪಟ್ಟಿಯ ಮೇಲೆ ಆ ಕೈ —